ಹೊರನಾಡ ಠಾಣೆಗಳಿಂದ ಕಲಿತದ್ದು

ಪೊಲೀಸ್ ಅಧಿಕಾರಿ ಪರದೇಶಕ್ಕೆ ಹೋಗಿ ಅಲ್ಲಿನ ಠಾಣೆಗಳನ್ನು ನೋಡಿ ಬರುವ ಪದ್ಧತಿಗೆ ಒಂದೂವರೆ ಶತಮಾನದ ಇತಿಹಾಸವಿದೆ. 1872ರಲ್ಲಿ ಜಪಾನ್ ಸರ್ಕಾರ ಕವಾಜಿ ತೊಶಿಯೋಶಿ ಅವರನ್ನು ಇದೇ ಕೆಲಸಕ್ಕೆಂದು ಯುರೋಪಿಗೆ ಕಳಿಸಿತು. ಪ್ಯಾರಿಸ್‌ನ ಪೊಲೀಸ್ ಆಡಳಿತ ಅವರ ಮನಸ್ಸಿಗೆ ಹಿಡಿಸಿತು. 1874ರಲ್ಲಿ ಟೋಕಿಯೊ ಮಹಾನಗರ ಪೊಲೀಸ್ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಮುಂದೆ 1885ರಲ್ಲಿ ಪ್ರಷ್ಯಾದ ಅಧಿಕಾರಿ ವಿಲ್‌ಹೆಲ್ಮ್ ಹೋನ್ ಜಪಾನಿಗೇ ಬಂದು ಪಾಠ ಹೇಳಿದರು.

ಅದಕ್ಕೂ ಮೊದಲೇ ಪೊಲೀಸ್ ಮಾದರಿಗಳು ದೇಶ ದಾಟುತ್ತಿದ್ದವು. 1829ರಲ್ಲಿ ಬ್ರಿಟನ್ನಿನ ಗೃಹ ಸಚಿವ ರಾಬರ್ಟ್ ಪೀಲ್ ಲಂಡನ್ನಿಗೆ ಕೊಟ್ಟದ್ದು ಬಂದೂಕಿಲ್ಲದ, ನೀಲಿ ಸಮವಸ್ತ್ರದ ಪಡೆ. ಸೈನಿಕರ ಕೆಂಪು ಅಂಗಿಗಿಂತ ಅದು ಬೇರೆಯಾಗಿಯೇ ಕಾಣಬೇಕೆಂಬುದು ಉದ್ದೇಶವಾಗಿತ್ತು. ಆದರೆ 1843ರಲ್ಲಿ ಸಿಂಧ್ ಪ್ರಾಂತ್ಯಕ್ಕೆ ಪೊಲೀಸ್ ಪಡೆ ಕಟ್ಟಿದ ಬ್ರಿಟಿಷ್ ಸೇನಾಧಿಕಾರಿ ಚಾರ್ಲ್ಸ್ ನೇಪಿಯರ್ ಆರಿಸಿಕೊಂಡದ್ದು ಲಂಡನ್ನನ್ನಲ್ಲ, ಐರ್ಲೆಂಡನ್ನು. ಕೈಯಲ್ಲಿ ಆಯುಧ, ಬ್ಯಾರಕ್‌ನಲ್ಲಿ ವಾಸ, ಜನರಿಂದ ದೂರ: ಇದು ಆಳುವವರಿಗೆ ಬೇಕಾದ ಪಡೆ. ಭಾರತದ 1861ರ ಪೊಲೀಸ್ ಕಾಯ್ದೆಯಲ್ಲಿಯೂ ಇದೇ ನೆರಳು ಬಿದ್ದಿತು. ಯಾವುದನ್ನು ಕಲಿಯುತ್ತೇವೆ ಎಂಬುದಕ್ಕಿಂತ ಯಾಕೆ ಕಲಿಯುತ್ತೇವೆ ಎಂಬುದು ಮುಖ್ಯ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಲಿಕೆ ಪಶ್ಚಿಮದಿಂದ ಪೂರ್ವಕ್ಕಷ್ಟೇ ಹರಿಯಲಿಲ್ಲ. ಬಂಗಾಳ ಪೊಲೀಸ್ ಇಲಾಖೆಯ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದು ರೂಪಿಸಿದ ಬೆರಳಚ್ಚು ವರ್ಗೀಕರಣದ ಬಲದ ಮೇಲೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿ ಆ ವಿದ್ಯೆಯನ್ನು ಲಂಡನ್ನಿಗೆ ಒಯ್ದರು. 1901ರಲ್ಲಿ ಸ್ಕಾಟ್ಲೆಂಡ್ ಯಾರ್ಡ್ ಅದನ್ನು ಕೈಗೆತ್ತಿಕೊಂಡಿತು. ಪದ್ಧತಿಗೆ ಮಾತ್ರ ಹೆನ್ರಿಯ ಹೆಸರೇ ಉಳಿಯಿತು.

ಇಪ್ಪತ್ತನೇ ಶತಮಾನದಲ್ಲಿ ಈ ಅಧ್ಯಯನಕ್ಕೆ ಶಾಸ್ತ್ರದ ಶಿಸ್ತು ಬಂತು. ಅಮೆರಿಕದ ವಕೀಲ ರೇಮಂಡ್ ಫಾಸ್ಡಿಕ್ ಯುರೋಪಿನ ನಗರಗಳನ್ನು ಸುತ್ತಿ 1915ರಲ್ಲಿ ಅಲ್ಲಿನ ಪೊಲೀಸ್ ವ್ಯವಸ್ಥೆಗಳ ಬಗ್ಗೆ ಗ್ರಂಥ ಪ್ರಕಟಿಸಿದರು. 1920ರಲ್ಲಿ ತಮ್ಮ ದೇಶದ ಪೊಲೀಸರ ಮೇಲೂ ಬರೆದರು. ಹೊರಗಿನದನ್ನು ನೋಡಿದ ಕಣ್ಣು ಮನೆಯ ಕೊರತೆಯನ್ನೂ ಕಂಡಿತ್ತು. ಭಾರತದ ಪೊಲೀಸರ ಬಗ್ಗೆ 1969ರಲ್ಲಿ ಪುಸ್ತಕ ಬರೆದಿದ್ದ ಅಮೆರಿಕದ ವಿದ್ವಾಂಸ ಡೇವಿಡ್ ಬೇಲಿ, 1976ರ ಮತ್ತೊಂದು ಕೃತಿಯಲ್ಲಿ ಜಪಾನಿನ ‘ಕೋಬಾನ್’ ಎಂಬ ಪುಟ್ಟ ಬೀದಿ ಠಾಣೆಯನ್ನು ಅಮೆರಿಕನ್ನರ ಮುಂದಿಟ್ಟರು. ಬಾಗಿಲ ಮೇಲೆ ಕೆಂಪು ದೀಪ, ಗೋಡೆಯ ಮೇಲೆ ಬಡಾವಣೆಯ ನಕ್ಷೆ. ದಾರಿ ತಪ್ಪಿದವರಿಗೆ ದಾರಿ ತೋರಿಸುವುದು, ಕಳೆದುಹೋದ ಕೊಡೆಯನ್ನು ಬರೆದಿಟ್ಟುಕೊಳ್ಳುವುದು, ಮನೆ ಮನೆಗೆ ಹೋಗಿ ಕ್ಷೇಮ ವಿಚಾರಿಸುವುದು ಇವೆಲ್ಲ ಅಲ್ಲಿನ ಪೊಲೀಸರ ನಿತ್ಯದ ಕೆಲಸ. ಅಪರಾಧ ನಡೆಯುವ ಮೊದಲೇ ಅವರು ಜನರಿಗೆ ಪರಿಚಿತರು.

ಸಿಂಗಪುರ ಇದನ್ನು ಕಲಿತು 1983ರಲ್ಲಿ ನೆರೆಹೊರೆ ಪೊಲೀಸ್ ಠಾಣೆಗಳನ್ನು ತೆರೆಯಿತು. ಪುಟ್ಟ ಠಾಣೆಯಲ್ಲಿ ಎಲ್ಲ ಸೇವೆ ಸಿಗುವುದಿಲ್ಲವೆಂದು ಅರಿವಾದಾಗ, 1997ರಿಂದ ಅವುಗಳನ್ನು ದೊಡ್ಡ ಕೇಂದ್ರಗಳ ವ್ಯವಸ್ಥೆಗೆ ಬದಲಿಸಿತು. ಬ್ರೆಜಿಲ್‌ನ ಸಾವೊ ಪಾಲೊ ಮತ್ತು ಇಂಡೋನೇಷ್ಯಾದ ಪೊಲೀಸರೂ ಜಪಾನಿನ ನೆರವಿನಿಂದ ಈ ಮಾದರಿಯನ್ನು ತಮ್ಮ ನೆಲಕ್ಕೆ ಒಗ್ಗಿಸಿಕೊಂಡರು. ಅಪ್ಪಟ ನಕಲು ಎಲ್ಲಿಯೂ ನಿಲ್ಲಲಿಲ್ಲ. ತಿದ್ದಿಕೊಂಡದ್ದು ನಿಂತಿತು.

ನಮ್ಮಲ್ಲೂ ಎರವಲಿನ ಗುರುತುಗಳು ಉಳಿದಿವೆ. ಲಂಡನ್ ಮಾದರಿಯ ಕಮಿಷನರ್ ವ್ಯವಸ್ಥೆ 1856ರಲ್ಲಿ ಕಲ್ಕತ್ತೆಗೆ ಬಂತು, 1963ರಲ್ಲಿ ಬೆಂಗಳೂರಿಗೂ ಕಾಲಿಟ್ಟಿತು. ಐಪಿಎಸ್ ಅಧಿಕಾರಿಗಳ ಮಧ್ಯಾವಧಿ ತರಬೇತಿಯಲ್ಲಿ ವಿದೇಶ ಅಧ್ಯಯನಕ್ಕೂ ಜಾಗ ಸಿಕ್ಕಿದೆ, ಕೇಂಬ್ರಿಜ್ ವಿಶ್ವವಿದ್ಯಾಲಯ ಅದರಲ್ಲಿ ಪಾಲ್ಗೊಂಡಿದೆ. ಇದು ಒಳ್ಳೆಯ ಬೆಳವಣಿಗೆ. ಆದರೆ ಬೀಟ್ ಸುತ್ತುವವರು ಕಾನ್‌ಸ್ಟೆಬಲ್‌ಗಳು, ದೂರು ಬರೆದುಕೊಳ್ಳುವವರು ಸಬ್‌ಇನ್‌ಸ್ಪೆಕ್ಟರ್‌ಗಳು. ಕೋಬಾನ್‌ನ ಬಾಗಿಲಲ್ಲಿ ನಿಂತು ಅವರು ಕಲಿಯುವುದನ್ನು ಮೇಲಧಿಕಾರಿಯ ವರದಿ ಕಲಿಸಲಾರದು. ಹೊರದೇಶದ ಅಧ್ಯಯನಕ್ಕೆ ಅವರನ್ನೂ ಕಳಿಸಬೇಕು, ಮರಳಿ ಬಂದ ಮೇಲೆ ಕಂಡದ್ದನ್ನು ತಮ್ಮ ಠಾಣೆಯಲ್ಲೇ ಪ್ರಯೋಗಿಸಲು ಅವಕಾಶ ಕೊಡಬೇಕು. ಸರ್ಕಾರ ಇದಕ್ಕೆ ಮಾಡುವ ಖರ್ಚು ದಂಡವಾಗದು.