ಧಾತು ಬರ ಕೊಡೈಕೆನಾಲಿಗೆ ಕೊಟ್ಟ ಪ್ರಶ್ನೆ

ಧಾತು ಬರದ ಹೆಸರೆತ್ತಿದರೆ ನಮ್ಮ ಪಾವಗಡದ ಕಡೆಯ ಹಿರಿಯರ ದನಿ ತಗ್ಗುತ್ತಿತ್ತು. 1876ರಿಂದ ಮಳೆ ಕೈಕೊಟ್ಟಿತು. ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರು ಸೀಮೆಯೊಂದರಲ್ಲೇ ಸುಮಾರು 10 ಲಕ್ಷ ಜನ, ಅಂದರೆ ಐವರಲ್ಲಿ ಒಬ್ಬರು, ಸತ್ತರು. ತಪ್ಪನ್ನೆಲ್ಲ ಮಳೆಯ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ಜನ ಹಸಿದು ಸಾಯುತ್ತಿದ್ದಾಗಲೂ ಈ ದೇಶದ ಧಾನ್ಯ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು.

ಆದರೂ ಆ ಬರದಿಂದ ಒಂದು ನಿಜವಾದ ಪ್ರಶ್ನೆ ಹುಟ್ಟಿತು. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ. ಕಲೆ ಕಡಿಮೆಯಾದ ವರ್ಷಗಳಲ್ಲಿ ಮದ್ರಾಸಿನ ಮಳೆಯೂ ಕಡಿಮೆ ಎಂದು ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಮತ್ತು ಸರ್ಕಾರದ ಅಂಕಿಅಂಶ ನೋಡಿಕೊಳ್ಳುತ್ತಿದ್ದ ವಿಲಿಯಂ ಹಂಟರ್ 1877ರಲ್ಲಿ ವಾದಿಸಿದರು. ಹಾಗಿದ್ದರೆ ಸೂರ್ಯನನ್ನು ನೋಡಿ ಬರವನ್ನು ಮುಂಚೆಯೇ ಹೇಳಬಹುದಲ್ಲ! ಸೂರ್ಯನನ್ನು ನೋಡುವ ವೀಕ್ಷಣಾಲಯಕ್ಕೆ ಜಾಗ ಹುಡುಕುತ್ತ ಖಗೋಳ ವಿಜ್ಞಾನಿ ಮಿಚಿ ಸ್ಮಿತ್ ಬೆಟ್ಟಗಳನ್ನು ಸುತ್ತಿ ಪಳನಿ ಸಾಲಿನ ಕೊಡೈಕೆನಾಲನ್ನು ಆರಿಸಿದರು. 1895ರಲ್ಲಿ ವೀಕ್ಷಣಾಲಯಕ್ಕೆ ಅಡಿಗಲ್ಲು ಬಿತ್ತು.

1904ರಿಂದ ಅಲ್ಲಿ ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಚಿತ್ರ ತೆಗೆಯುವುದು ನಿತ್ಯದ ಕೆಲಸವಾಯಿತು. ಗಾಜಿನ ಫಲಕದ ಮೇಲೆ ಮೂಡುತ್ತಿದ್ದ ಸೂರ್ಯನ ಅಗಲ 20 ಸೆಂಟಿಮೀಟರ್. ಊಟದ ತಟ್ಟೆಯಷ್ಟು ದೊಡ್ಡ ಆ ಬಿಂಬದಲ್ಲಿ ಕಲೆಯ ನಟ್ಟನಡುವಿನ ಕಪ್ಪು, ಸುತ್ತಲಿನ ಬೂದುಬಣ್ಣದ ಅಂಚು ಎರಡೂ ಬೇರೆಬೇರೆಯಾಗಿ ಕಾಣುತ್ತವೆ. 1909ರ ಜನವರಿಯಲ್ಲಿ ಅಲ್ಲಿನ ಖಗೋಳ ವಿಜ್ಞಾನಿ ಜಾನ್ ಎವರ್ಶೆಡ್ ಅಂಥ ಬೂದು ಅಂಚಿನ ಬೆಳಕನ್ನು ರೋಹಿತದರ್ಶಕಕ್ಕೆ ಹಾಯಿಸಿದರು. ರೋಹಿತದ ಕಪ್ಪು ಗೆರೆಗಳು ತುಸು ಸರಿದಿದ್ದವು: ಅನಿಲ ಕಲೆಯ ನಡುವಿನಿಂದ ಹೊರಮುಖವಾಗಿ ಹರಿಯುತ್ತಿತ್ತು. ಇಂದಿಗೂ ಜಗತ್ತು ಅದನ್ನು ಎವರ್ಶೆಡ್ ಪರಿಣಾಮ ಎಂದೇ ಕರೆಯುತ್ತದೆ. ಅವರ ಪತ್ನಿ ಮೇರಿ ಸೂರ್ಯನ ಅಂಚಿನಲ್ಲಿ ಚಿಮ್ಮುವ ಜ್ವಾಲೆಗಳನ್ನು ಅಷ್ಟೇ ಶ್ರದ್ಧೆಯಿಂದ ಅಧ್ಯಯನ ಮಾಡಿದರು. ಅವರ ಹೆಸರನ್ನೂ ನಾವು ಜೊತೆಗೇ ಹೇಳಬೇಕು.

ಮಳೆಯ ಮಾತು? ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್ ಲೆಕ್ಕ ಹಾಕಿ ನೋಡಿದರು. ಮುಂಗಾರನ್ನು ಮುಂಚೆಯೇ ಹೇಳುವಷ್ಟು ಗಟ್ಟಿ ನಂಟು ಕಲೆಗಳಿಗೂ ಮಳೆಗೂ ಸಿಗಲಿಲ್ಲ. ಅವರ ಹುಡುಕಾಟ ಪೆಸಿಫಿಕ್ ಸಾಗರದ ಗಾಳಿಯೊತ್ತಡದ ಏರಿಳಿತದ ಕಡೆ ಹೊರಳಿ ಅಲ್ಲಿ ಫಲ ಕೊಟ್ಟಿತು.

ಕೊಡೈಕೆನಾಲಿನವರು ಮಾತ್ರ ಚಿತ್ರ ತೆಗೆಯುವುದನ್ನು ನಿಲ್ಲಿಸಲಿಲ್ಲ. ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಉಪಗ್ರಹ, ವಿದ್ಯುತ್ ಜಾಲಗಳನ್ನು ಕೆಡಿಸಬಲ್ಲ ಸೌರ ಬಿರುಗಾಳಿಗಳನ್ನು ಇಂದು ಅರಿಯಹೊರಟವರಿಗೆ ಹಳೆಯ ಆವರ್ತಗಳ ದಾಖಲೆ ಬೇಕೇಬೇಕು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ ಆ ಫಲಕಗಳನ್ನು ಡಿಜಿಟಲ್ ರೂಪಕ್ಕಿಳಿಸಿದೆ. ಸಂಶೋಧಕರು ಅವುಗಳಿಂದ ಶತಮಾನದುದ್ದದ ಕಲೆಗಳ ವಿಸ್ತಾರವನ್ನೂ ಸ್ಥಾನವನ್ನೂ ಅಳೆಯುತ್ತಿದ್ದಾರೆ.