ಕೊಬ್ಬು ಕಳಿಸುವ ಸಂದೇಶ

ಕನ್ನಡದಲ್ಲಿ ‘ಕೊಬ್ಬು’ ಬೈಗುಳವೂ ಹೌದು. ಸೊಕ್ಕಿದವನಿಗೆ ಕೊಬ್ಬು ಹೆಚ್ಚಾಗಿದೆ ಎನ್ನುವುದು ವಾಡಿಕೆ. ವೈದ್ಯವಿಜ್ಞಾನವೂ ಬಹುಕಾಲ ಕೊಬ್ಬಿಗೆ ಹೆಚ್ಚಿನ ಮರ್ಯಾದೆ ಕೊಡಲಿಲ್ಲ. ಉಂಡು ಮಿಕ್ಕಿದ್ದನ್ನು ತುಂಬಿಡುವ ಕಣಜ ಎಂದಷ್ಟೇ ಅದನ್ನು ತಿಳಿಯಲಾಗಿತ್ತು.

ಎಲ್ಲ ಬೊಜ್ಜೂ ಒಂದೇ ಅಲ್ಲ ಎಂದು ಮೊದಲು ಎತ್ತಿ ಹೇಳಿದವರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಝಾನ್ ವಾಗ್ ಪ್ರಮುಖರು. ಕೊಬ್ಬು ಶೇಖರವಾಗುವ ಜಾಗವನ್ನು ನೋಡಿ 1947ರಲ್ಲಿ ಅವರು ಬೊಜ್ಜನ್ನು ಎರಡು ಬಗೆಯಾಗಿ ವಿಂಗಡಿಸಿದರು. ಸೊಂಟ, ತೊಡೆಗಳಲ್ಲಿ ತುಂಬುವ ಕೊಬ್ಬಿಗಿಂತ ದೇಹದ ಮೇಲ್ಭಾಗದಲ್ಲಿ ತುಂಬುವ ಕೊಬ್ಬಿಗೂ ಮಧುಮೇಹಕ್ಕೂ ಹೆಚ್ಚು ನಂಟಿದೆ ಎಂಬುದು ಅವರ ವಾದ.

ಕೊಬ್ಬು ದೇಹದೊಡನೆ ನಡೆಸುವ ವ್ಯವಹಾರದ ಸುಳಿವು ಸಿಕ್ಕಿದ್ದು ಇಲಿಗಳಿಂದ. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ, ಎಷ್ಟು ತಿಂದರೂ ಹಸಿವು ತೀರದ ದಢೂತಿ ಇಲಿಗಳು ಕಾಣಿಸಿಕೊಂಡವು. ಮುಂದೆ ಅದೇ ಸಂಸ್ಥೆಯ ಡಗ್ಲಸ್ ಕೋಲ್‌ಮನ್, ಇಂಥ ಇಲಿಯನ್ನೂ ಸಾಮಾನ್ಯ ಇಲಿಯನ್ನೂ ರಕ್ತ ಬೆರೆಯುವಂತೆ ಶಸ್ತ್ರಕ್ರಿಯೆಯಿಂದ ಜೋಡಿಸಿದರು. ದಢೂತಿ ಇಲಿ ತಿನ್ನುವುದನ್ನು ಕಡಿಮೆ ಮಾಡಿತು! ‘ಇನ್ನು ಸಾಕು’ ಎಂಬ ಸಂದೇಶ ರಕ್ತದಲ್ಲಿ ಹರಿದುಬಂದಿತ್ತು.

ಆ ಸಂದೇಶವಾಹಕ ಯಾವುದೆಂದು ತಿಳಿದದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ವಂಶವಾಹಿಯನ್ನು ಪತ್ತೆಹಚ್ಚಿತು. ‘ತೆಳು’ ಎಂಬರ್ಥದ ಗ್ರೀಕ್ ಪದದಿಂದ ‘ಲೆಪ್ಟಿನ್’ ಎಂಬ ಹೆಸರು ಪಡೆದ ಈ ಹಾರ್ಮೋನು ತಯಾರಾಗುವುದು ಕೊಬ್ಬಿನ ಅಂಗಾಂಶದಲ್ಲೇ. ಕಣಜವೆಂದುಕೊಂಡದ್ದು ಗ್ರಂಥಿಯೂ ಆಗಿತ್ತು.

ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅಪರೂಪದ ಮಕ್ಕಳಿಗೆ ಅದರ ಚುಚ್ಚುಮದ್ದು ವರವಾಯಿತು. ಆದರೆ ಬೊಜ್ಜಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ. ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ. ಉರಿಯೂತ ಉಂಟುಮಾಡುವ ಟಿಎನ್ಎಫ್ ಎಂಬ ವಸ್ತುವನ್ನೂ ಬೊಜ್ಜಿನ ಕೊಬ್ಬು ಸ್ರವಿಸಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತದೆಂದು 1993ರಲ್ಲೇ ಇಲಿಗಳಲ್ಲಿ ಕಂಡುಬಂದಿತ್ತು. ಇನ್ಸುಲಿನ್ನಿಗೆ ನೆರವಾಗುವ ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಬೊಜ್ಜು ಬೆಳೆದಂತೆ ಕಡಿಮೆಯಾಗುತ್ತದೆ. ಚರ್ಮದಡಿಯ ಕಣಜ ತುಂಬಿದಾಗ ಮಿಕ್ಕ ಕೊಬ್ಬು ಯಕೃತ್ತು, ಸ್ನಾಯುಗಳಿಗೂ ಸೇರಿ ತೊಂದರೆ ಬಿಗಡಾಯಿಸುತ್ತದೆ.

ಭಾರತೀಯರಿಗೆ ಈ ಚರಿತ್ರೆ ದೂರದ ಮಾತಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2! ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಜನಿಸಿದ ಶಿಶುಗಳ ಅಧ್ಯಯನವೂ ಇಂಥದ್ದನ್ನೇ ಕಂಡಿತು. ಬ್ರಿಟನ್ನಿನ ಶಿಶುಗಳಿಗೆ ಹೋಲಿಸಿದರೆ ಅವುಗಳ ತೂಕ ಕಡಿಮೆ, ಸ್ನಾಯು ಕಡಿಮೆ. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ.

ಸಣಕಲು ಮೈಯವರಿಗೆ ಸಕ್ಕರೆ ಕಾಯಿಲೆ ಬಾರದೆಂಬ ನೆಮ್ಮದಿ ನಮ್ಮಲ್ಲಿ ಹಳೆಯದು. ತಕ್ಕಡಿಯ ಮುಳ್ಳು ತೋರದ ಸಂಗತಿಯನ್ನು ಕೆಲವೊಮ್ಮೆ ಹೊಟ್ಟೆಯ ಸುತ್ತಳತೆ ಹಿಡಿಯುವ ದರ್ಜಿಯ ಟೇಪು ತೋರೀತು.