ಗುಲಾಬಿ ಚುಕ್ಕೆ, ಕಪ್ಪು ಬಾಟ್ಲಿ: ಕುಡಿಯೋ ನೀರಿನ ಗುಟ್ಟು ಹಿಡಿದವರ ಕಥೆ

ನವಲಗುಂದ, ಅಣ್ಣಿಗೇರಿ ಕಡೆ ಎರೆಭೂಮಿ. ಬೋರ್ ಹೊಡೆಸಿದ್ರೆ ಬಹಳ ಕಡೆ ಸಿಗೋದು ಸವಳು ನೀರು. ಅದಕ್ಕೇ ಎಷ್ಟೋ ಊರುಗಳು ಕೆರೆ ನಂಬಿಕೊಂಡಿವೆ. ಮಲಪ್ರಭಾ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು ತಿಂಗಳುಗಟ್ಟಲೆ ಅದನ್ನೇ ಕುಡೀತಾರೆ. ಆ ನೀರು ತಿಳಿಯಾಗಿರಬಹುದು, ಸಿಹಿಯಾಗಿರಬಹುದು. ಆದ್ರೆ ಅದರಾಗ ಮಲ ಸೇರಿದೆಯೋ ಇಲ್ಲವೋ ಅನ್ನೋದು ಕಣ್ಣಿಗೂ ತಿಳಿಯಲ್ಲ, ನಾಲಿಗೆಗೂ ತಿಳಿಯಲ್ಲ. ಅದನ್ನ ಪತ್ತೆ ಹಚ್ಚೋ ವಿದ್ಯೆ ಶುರುವಾಗಿದ್ದು ಒಂದು ಅಡುಗೆಮನೆಯಿಂದ.

1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕೋಖ್ ಅವರ ತಂಡ ಬ್ಯಾಕ್ಟೀರಿಯಾ ಬೆಳೆಸೋಕೆ ಜೆಲಾಟಿನ್ ಬಳಸ್ತಿತ್ತು. ನಮ್ಮ ಮೈ ಬಿಸಿ 37 ಡಿಗ್ರಿ; ಅಷ್ಟು ಕಾವಿಗೆ ಜೆಲಾಟಿನ್ ಕರಗಿಬಿಡೋದು. ಆ ತಂಡದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ, ತಾವು ಜೆಲ್ಲಿ ಮಾಡೋಕೆ ಹಾಕ್ತಿದ್ದ ಅಗರ್ ಬಳಸಿ ನೋಡಿ ಅಂದ್ರು. ಕಡಲಪಾಚಿಯಿಂದ ತೆಗೆಯೋ ಈ ಅಗರ್ ಆ ಕಾವಿಗೆ ಜಗ್ಗಲಿಲ್ಲ. ಕೋಖ್ 1882ರಲ್ಲಿ ಅಗರ್ ಬಗ್ಗೆ ಬರೆದರು, ಫ್ಯಾನಿ ಹೆಸರು ಮಾತ್ರ ಬರೀಲಿಲ್ಲ!

ಆದ್ರೂ ಒಂದು ತೊಡಕು ಉಳೀತು. ಕೊಳಕು ನೀರಿನ ಒಂದು ಹನಿ ಹಾಕಿದ್ರೆ ಮಣ್ಣಿನ ಕ್ರಿಮಿ, ಗಾಳಿಯ ಕ್ರಿಮಿ, ಕರುಳಿನ ಕ್ರಿಮಿ ಎಲ್ಲಾ ಸಂತೆ ನೆರೆದಂಗೆ ಬೆಳೀತಾವೆ. ಯಾವುದು ಯಾರದು?

ಇದನ್ನ ಬಿಡಿಸಿದವರು ಆಲ್ಫ್ರೆಡ್ ಮೆಕಾಂಕಿ. ಇಂಗ್ಲೆಂಡಿನಲ್ಲಿ ಚರಂಡಿ ನೀರಿನ ಬಗ್ಗೆ ನೇಮಿಸಿದ್ದ ರಾಯಲ್ ಕಮಿಷನ್‌ಗಾಗಿ 1900ರ ಹೊತ್ತಿಗೆ ಕೆಲಸ ಮಾಡ್ತಿದ್ರು. ಅವರ ಲೆಕ್ಕ ಸರಳ. ಕರುಳಿನಲ್ಲಿ ಬದುಕೋ ಕ್ರಿಮಿಗೆ ಪಿತ್ತ ಅಭ್ಯಾಸ, ಹೊರಗಿನ ಬಹಳಷ್ಟು ಕ್ರಿಮಿಗೆ ಅದು ಆಗಿಬರಲ್ಲ. ಅಗರ್‌ಗೆ ಪಿತ್ತದ ಲವಣ ಬೆರೆಸಿದ್ರೆ ಬೇಡದ ಅತಿಥಿಗಳು ಬಾಗಿಲಲ್ಲೇ ನಿಂತ್ರು. ಮುಂದೆ ಹಾಲಿನ ಸಕ್ಕರೆ ಲ್ಯಾಕ್ಟೋಸ್, ಜೊತೆಗೆ ನ್ಯೂಟ್ರಲ್ ರೆಡ್ ಅನ್ನೋ ಬಣ್ಣ. ಇ. ಕೋಲೈ ಆ ಸಕ್ಕರೆ ತಿಂದು ಹುಳಿ ಬಿಡುತ್ತೆ, ಅದರ ಗುಂಪು ಗುಲಾಬಿ ಆಗುತ್ತೆ. ಟೈಫಾಯ್ಡ್ ಕ್ರಿಮಿ ಲ್ಯಾಕ್ಟೋಸ್ ಮುಟ್ಟಲ್ಲ, ಬಣ್ಣ ಇಲ್ದೆ ಉಳಿಯುತ್ತೆ. ಒಂದೇ ತಟ್ಟೆಯಲ್ಲಿ ಜರಡಿಯೂ ಆಯ್ತು, ಗುರುತೂ ಆಯ್ತು. ಮೆಕಾಂಕಿ ಅಗರ್ ಇವತ್ತಿಗೂ ಆಸ್ಪತ್ರೆ ಲ್ಯಾಬುಗಳಲ್ಲಿದೆ.

ಸರಿ, ಲ್ಯಾಬೇ ಇಲ್ಲದ ಊರಲ್ಲಿ? 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಮಂಜ, ಮೌರ್ಯ, ರಾವ್ ಒಂದು ಉಪಾಯ ಪ್ರಕಟಿಸಿದ್ರು. ಬಾಟ್ಲಿಯೊಳಗೆ ಪೋಷಕಾಂಶ, ಥಯೋಸಲ್ಫೇಟ್, ಕಬ್ಬಿಣದ ಲವಣ ಹೀರಿಸಿ ಒಣಗಿಸಿದ ಕಾಗದದ ತುಂಡು. ನೀರು ಹಾಕಿ ಬೆಚ್ಚಗೆ ಇಡೋದು, ಅಷ್ಟೇ. ಕರುಳಿನ ಕೆಲವು ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಟ್ರೆ ಒಂದು ದಿನದೊಳಗೆ ನೀರು ಕಪ್ಪು. ತಮಾಷೆ ಅಂದ್ರೆ ಇ. ಕೋಲೈ ಸಾಮಾನ್ಯವಾಗಿ ಈ ಅನಿಲ ಬಿಡಲ್ಲ. ಕಪ್ಪು ಮಾಡೋದು ಅದರ ಜೊತೆಗಾರರು. ಹಾಗಾಗಿ ಈ ಬಾಟ್ಲಿ ಕ್ರಿಮಿಯ ಹೆಸರು ಹೇಳಲ್ಲ. ಆದ್ರೂ ಹಳ್ಳಿಗೆ ಇದೇ ದೊಡ್ಡ ಉಪಕಾರ ಅಂತ ನನ್ನ ಅಭಿಪ್ರಾಯ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸೋ ವ್ಯವಸ್ಥೆ ಇದೆ. ನಿಮ್ಮೂರಿನ ಆ ಐವರು ಯಾರು ಅಂತ ಪಂಚಾಯ್ತಿಯಲ್ಲಿ ಕೇಳ್ರಿ.

ನಲ್ಲಿ ಇದ್ದವರೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಎಮಿಲಿ ಕುಂಪೆಲ್, ಕಾರಾ ನೆಲ್ಸನ್ ಹುಬ್ಬಳ್ಳಿ-ಧಾರವಾಡದ ನಲ್ಲಿ ನೀರು ಪರೀಕ್ಷಿಸಿ 2013ರಲ್ಲಿ ಬರೆದಿದ್ದಾರೆ: 24 ತಾಸು ನೀರು ಬರೋ ವಾರ್ಡ್‌ಗಳಿಗಿಂತ, ಆಗಾಗ ನೀರು ಬಿಡೋ ವಾರ್ಡ್‌ಗಳ ನಲ್ಲಿಗಳಲ್ಲಿ ಇ. ಕೋಲೈ ಬಹಳ ಹೆಚ್ಚು ಸಿಕ್ಕಿತ್ತು. ಪೈಪ್ ಖಾಲಿ ಇದ್ದಾಗ ಸುತ್ತಲಿನ ಹೊಲಸು ಒಳಗೆ ಇಳಿಯೋಕೆ ದಾರಿ ಆಗುತ್ತೆ. ಅದಕ್ಕೇ, ನೀರು ಬಿಟ್ಟ ಕೂಡ್ಲೆ ಬರೋ ಮೊದಲ ಕೊಡ ಬಟ್ಟೆ ಒಗೆಯೋಕೆ ಇಡ್ರಿ, ಕುಡಿಯೋಕೆ ಆಮೇಲಿನದು ಹಿಡೀರಿ. ಅದನ್ನೂ ಕುದಿಸಿ.